ಸ್ಕಾಟ್ಲೆಂಡಲ್ಲಿ ಹಳ್ಳಕ್ಕೆ ‘ಬರ್ನ್’ ಅಂತ ಯಾಕೆ ಅಂತಾರೆ?

ಓದುಗರ ಪ್ರಶ್ನೆ: ಸರ್, ಸೇಂಟ್ ಆಂಡ್ರೂಸ್‌ನ ಗಾಲ್ಫ್ ಟಿವಿಯಲ್ಲಿ ನೋಡ್ತಾ ಇದ್ದೆ. ಕಮೆಂಟರಿಯವರು ಪದೇ ಪದೇ ‘ಸ್ವಿಲ್ಕನ್ ಬರ್ನ್’ ಅಂತಿದ್ರು. ನೋಡಿದ್ರೆ ಅದು ಒಂದು ಸಣ್ಣ ಕಾಲುವೆ ಥರದ ನೀರು. ನೀರಿಗೆ ಬರ್ನ್ ಅಂತ ಯಾಕೆ ಅಂತಾರೆ, ಸುಡೋದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ? ಬ್ಯಾನಕ್‌ಬರ್ನ್ ಯುದ್ಧ ಅಂತ ಓದಿದ್ದೆ, ಅಲ್ಲಿ ಏನಾದ್ರೂ ಸುಟ್ಟಿದ್ರಾ? ಬರೋ ಬೇಸಿಗೇಲಿ ಎಡಿನ್‌ಬರೋದಲ್ಲಿರೋ ಮಗಳ ಮನೆಗೆ ಹೋಗ್ತಾ ಇದೀವಿ, ಮ್ಯಾಪ್ ತೆಗೆದ್ರೆ ವಾಟರ್, ಲೇನ್, ಪೌ, ಔಲ್ಟ್ ಅಂತೆಲ್ಲಾ ಹಳ್ಳಗಳ ಮೇಲೆ ಬರೆದಿದೆ. ಇವೆಲ್ಲಾ ಒಂದೇನಾ?

ಉತ್ತರ:

ನಮಸ್ಕಾರ. ಈ ಪ್ರಶ್ನೆ ಓದಿ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಸ್ಥಳನಾಮಗಳ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಅಂದ್ರೆ ಈ ಸಣ್ಣ ಸಣ್ಣ ನೀರಿನ ಹೆಸರುಗಳೇ. ಸ್ವಲ್ಪ ಉದ್ದ ಆಗತ್ತೆ, ಬಿಡುವು ಮಾಡ್ಕೊಂಡು ಓದಿ.

ಬರ್ನ್ ಅಂದ್ರೆ ಹಳ್ಳ, ತೊರೆ. ಸ್ಕಾಟ್ಸ್ ಭಾಷೆಯ ಪದ ಇದು, ಅಂದ್ರೆ ಇಂಗ್ಲಿಷಿಗೆ ಒಡಹುಟ್ಟಿದ ಹಾಗಿರೋ, ಸ್ಕಾಟ್ಲೆಂಡಿನ ತಗ್ಗು ಸೀಮೆ ಜನ ಆಡೋ ಭಾಷೆ. ಹಳೇ ಇಂಗ್ಲಿಷಿನ ‘ಬುರ್ನ’ ಅನ್ನೋದ್ರಿಂದ ಬಂದಿದ್ದು, ಅದಕ್ಕೆ ಚಿಲುಮೆ, ತೊರೆ ಅಂತ ಅರ್ಥ ಇತ್ತು. ಜರ್ಮನ್‌ನವರು ಬಾವಿಗೆ ‘ಬ್ರುನ್ನೆನ್’ ಅಂತಾರಲ್ಲ, ಅದೂ ಇದೇ ಮನೆತನದ ಪದ. ದಕ್ಷಿಣ ಇಂಗ್ಲೆಂಡಲ್ಲಿ ಇದೇ ಪದ ‘ಬೋರ್ನ್’ ಆಗಿ ಬೋರ್ನ್‌ಮತ್ ಥರದ ಊರ ಹೆಸರಲ್ಲಿ ಕೂತಿದೆ, ಆದ್ರೆ ಅಲ್ಲಿ ಮಾತಲ್ಲಿ ಅದರ ಜಾಗಾನ ‘ಬ್ರುಕ್’ ತಗೊಂಡುಬಿಡ್ತು. ಸ್ಕಾಟ್ಲೆಂಡಲ್ಲಿ, ಇಂಗ್ಲೆಂಡಿನ ಉತ್ತರದ ತುದೀಲಿ ಮಾತ್ರ ಬರ್ನ್ ಇವತ್ತಿಗೂ ಮನೆಮಾತು. ಮಕ್ಕಳು ಬರ್ನ್ ದಡದಲ್ಲಿ ಬೋರಲು ಮಲಗಿ, ತೋಳು ಮಡಚಿ, ಕಲ್ಲಿನ ಅಡಿಗೆ ಮೆಲ್ಲಗೆ ಕೈ ತೂರಿಸಿ ಟ್ರೌಟ್ ಮೀನು ಹಿಡೀತಿದ್ರು, ಅದಕ್ಕೆ ‘ಗಡ್ಲ್’ ಮಾಡೋದು ಅಂತ ಬೇರೆ ಮಾತೇ ಇದೆ.

ಸುಡೋ ಬರ್ನ್‌ಗೂ ಇದಕ್ಕೂ ನೇರ ನಂಟಿಲ್ಲ, ಎರಡೂ ಬೇರೆ ಬೇರೆ ದಾರೀಲಿ ಬಂದು ಒಂದೇ ಸದ್ದಿಗೆ ನಿಂತಿವೆ. ತೀರಾ ಹಿಂದಕ್ಕೆ ಹೋದ್ರೆ ‘ಕುದಿ, ಉಕ್ಕು’ ಅನ್ನೋ ಒಂದೇ ಬೇರಿಂದ ಎರಡೂ ಹುಟ್ಟಿರಬಹುದು ಅಂತ ಕೆಲವು ವಿದ್ವಾಂಸರು ಹೇಳ್ತಾರೆ, ಬುಗ್ಗೆ ನೀರು ಉಕ್ಕೋದು ನೋಡಿದವರಿಗೆ ಆ ಮಾತು ಒಪ್ಪಿಗೆ ಆಗತ್ತೆ, ಆದ್ರೆ ಬರ್ನ್ ಅಂತ ಹೆಸರಿಟ್ಟವರ ತಲೇಲಿ ಬೆಂಕಿ ಇರಲಿಲ್ಲ.

ಬ್ಯಾನಕ್‌ಬರ್ನ್ ವಿಷಯಕ್ಕೆ ಬರ್ತೀನಿ. 1314ರ ಜೂನ್ 23, 24ರಂದು ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ಎರಡನೇ ಎಡ್ವರ್ಡ್‌ನ ಸೈನ್ಯವನ್ನ ಸೋಲಿಸಿದ್ದು ಸ್ಟರ್ಲಿಂಗ್ ಪಕ್ಕ ಹರಿಯೋ ಬ್ಯಾನಕ್ ಅನ್ನೋ ಹಳ್ಳದ ಹತ್ರ. ಹೆಸರು ಯುದ್ಧಕ್ಕಿಂತ ಹಳೇದು. ಇಲ್ಲಿ ಇನ್ನೊಂದು ಗುಂಡಿ ಇದೆ, ತುಂಬಾ ಜನ ಅದಕ್ಕೆ ಬೀಳ್ತಾರೆ: ಸ್ಕಾಟ್ಲೆಂಡಲ್ಲಿ ಓಟ್ಸ್ ಅಥವಾ ಬಾರ್ಲಿ ಹಿಟ್ಟಲ್ಲಿ ತಟ್ಟೋ ದಪ್ಪ ರೊಟ್ಟಿಗೆ ‘ಬ್ಯಾನಕ್’ ಅಂತಾರೆ, ಹಾಗಾಗಿ ರೊಟ್ಟಿ ಹಳ್ಳ ಅಂತ ಅರ್ಥ ಮಾಡಿಬಿಡ್ತಾರೆ. ರೊಟ್ಟಿಗೆ ಸಂಬಂಧ ಇಲ್ಲ. ಇಂಗ್ಲಿಷ್ ಬರೋಕೆ ಮುಂಚೆ ಆ ಸೀಮೆ ಜನ ಆಡ್ತಿದ್ದಿದ್ದು ಇವತ್ತಿನ ವೆಲ್ಷ್‌ಗೆ ಹತ್ತಿರದ ಬ್ರಿಟಾನಿಕ್ ಭಾಷೆ, ಅದರಲ್ಲಿ ‘ಬನ್ನೊಗ್’ ಅಂದ್ರೆ ಕೊಂಬಿರೋದು, ಕೋಡುಗಲ್ಲಿನದು. ಹಳ್ಳ ಹುಟ್ಟೋ ಗುಡ್ಡದ ಹೆಸರು ಅದು. ಕೋಡುಗುಡ್ಡದಿಂದ ಇಳಿದು ಬರೋ ಹಳ್ಳ, ಅಷ್ಟೇ. ಅಂದ್ರೆ ಒಂದೇ ಹೆಸರಲ್ಲಿ ಮುಂದಿನ ಅರ್ಧ ಒಂದು ಭಾಷೆ, ಹಿಂದಿನ ಅರ್ಧ ಇನ್ನೊಂದು ಭಾಷೆ, ಎರಡನೆಯವರು ಬಂದಾಗ ಮೊದಲನೆಯವರ ಪದದ ಅರ್ಥ ಗೊತ್ತಿಲ್ದೇನೇ ಅದನ್ನ ಹೆಸರು ಅಂತ ಇಟ್ಕೊಂಡು ಕೊನೆಗೆ ತಮ್ಮ ಬರ್ನ್ ಅಂಟಿಸಿದ್ರು. ಸ್ಕಾಟ್ಲೆಂಡಿನ ನೀರಿನ ಹೆಸರುಗಳನ್ನ ಓದೋ ಕೀಲಿಕೈ ಇದೇ ಅಂತ ನನ್ನ ಅಭಿಪ್ರಾಯ. ಇವತ್ತಿನ ಕಿವಿಗೆ ಕೇಳೋ ಸದ್ದು ನಂಬೋಕಾಗಲ್ಲ, ಹಳೇ ದಾಖಲೇಲಿ ಹೇಗೆ ಬರೆದಿದಾರೆ ಅಂತ ನೋಡಬೇಕು, ಆಮೇಲೆ ಹೋಗಿ ಆ ನೆಲ ಹೇಗಿದೆ ಅಂತಾನೂ ನೋಡಬೇಕು.

ಈಗ ಮ್ಯಾಪಲ್ಲಿರೋ ಬೇರೆ ಪದಗಳು. ಒಂದೇ ಅಲ್ಲ, ಒಂದೊಂದಕ್ಕೂ ಒಂದೊಂದು ಗಾತ್ರ, ಒಂದೊಂದು ಗುಣ. ಇಂಗ್ಲೆಂಡಿಗೆ ಅಂಟಿದ ಗಡಿಸೀಮೆಯ ಟ್ವೀಡ್ ನದಿ ಕಣಿವೆ ತಗೊಳ್ಳಿ, ಅಲ್ಲಿ ಲೆಕ್ಕ ಚೆನ್ನಾಗಿ ಕಾಣತ್ತೆ. ತೀರಾ ಸಣ್ಣದು, ಬೇಸಿಗೇಲಿ ಒಣಗಿ ಬರೀ ಜವುಗಾಗಿ ಉಳಿಯೋದು ಸೈಕ್. ಅದಕ್ಕಿಂತ ದೊಡ್ಡದು, ಒಂದೇ ನೆಗೆತಕ್ಕೆ ದಾಟೋಕೆ ಸ್ವಲ್ಪ ಯೋಚನೆ ಮಾಡಬೇಕಾದ್ದು ಬರ್ನ್. ಹತ್ತಾರು ಬರ್ನ್ ಸೇರಿ ಆಗೋದು ವಾಟರ್, ನಮ್ಮ ‘ಹೊಳೆ’ ಅಂತಿಟ್ಕೊಳ್ಳಿ: ಎಟ್ರಿಕ್ ವಾಟರ್, ಯಾರೋ ವಾಟರ್, ಗಾಲಾ ವಾಟರ್, ಲೀಡರ್ ವಾಟರ್. ಈ ವಾಟರ್‌ಗಳೆಲ್ಲಾ ಹೋಗಿ ಸೇರೋ ಟ್ವೀಡ್ ಮಾತ್ರ ರಿವರ್. ಇಂಗ್ಲೆಂಡಿನವರಿಗೆ ವಾಟರ್ ಅಂದ್ರೆ ಬರೀ ನೀರು, ಸ್ಕಾಟ್ಲೆಂಡಿನ ದಕ್ಷಿಣದವರಿಗೆ ವಾಟರ್ ಅಂದ್ರೆ ಹೊಳೆ, ಆ ಹೊಳೆಯ ಕಣಿವೆ, ಕೆಲವೊಮ್ಮೆ ಆ ಕಣಿವೇಲಿರೋ ಜನ ಕೂಡ. ಎಡಿನ್‌ಬರೋ ಮಧ್ಯೆ ಹರಿಯೋ ವಾಟರ್ ಆಫ್ ಲೀತ್ ಕೂಡ ಇದೇ ಲೆಕ್ಕದ್ದು. ನ್ಯೂಜಿಲೆಂಡಿನ ಡನೀಡನ್‌ಗೆ ವಲಸೆ ಹೋದ ಸ್ಕಾಟ್ ಜನ ಅಲ್ಲೂ ಒಂದು ಹೊಳೆಗೆ ವಾಟರ್ ಆಫ್ ಲೀತ್ ಅಂತಲೇ ಹೆಸರಿಟ್ಟಿದಾರೆ, ಊರು ಬಿಟ್ಟವರು ಊರಿನ ನೀರನ್ನ ಹೆಸರಲ್ಲಾದ್ರೂ ಜೊತೆಗೆ ಒಯ್ದಿದ್ದು ಅದು.

ಇನ್ನು ಔಲ್ಟ್. ಇದು ಸ್ಕಾಟಿಷ್ ಗೇಲಿಕ್, ಉತ್ತರದ ಬೆಟ್ಟಸೀಮೆಯ ಭಾಷೆ. ಮ್ಯಾಪಲ್ಲಿ ಬೆಟ್ಟಸೀಮೆಯ ಹಳ್ಳ ಹಳ್ಳಕ್ಕೂ ಈ ಪದ ಇದೆ. ಆದ್ರೆ ಇದೇ ಪದಕ್ಕೆ ಹಳೇ ಐರಿಷ್‌ನಲ್ಲಿ ನೀರಿನ ಅರ್ಥವೇ ಇಲ್ಲ! ಅಲ್ಲಿ ಅದು ಎತ್ತರ, ಕಡಿದಾದ ದಡ. ವೆಲ್ಷ್‌ನಲ್ಲೂ ಗುಡ್ಡದ ಇಳಿಜಾರು. ಸ್ಕಾಟ್ಲೆಂಡಲ್ಲಿ ಮಾತ್ರ ಇಳಿಜಾರಿನ ಹೆಸರು ಆ ಇಳಿಜಾರನ್ನ ಕೊರೆದು ಹರಿಯೋ ನೀರಿಗೆ ಜಾರಿಬಿಟ್ಟಿದೆ. ಬೆನ್ ನೆವಿಸ್ ಪರ್ವತದ ಉತ್ತರದ ಗೋಡೆ ಅಡಿಯಲ್ಲಿ ಔಲ್ಟ್ ಅ ವುಲಿನ್ ಅಂತ ಒಂದು ಹಳ್ಳ ಇದೆ, ‘ಗಿರಣಿ ಹಳ್ಳ’ ಅಂತ ಅರ್ಥ. ಅದರ ಪಕ್ಕದ ಕಾಲುದಾರೀಲಿ ಹತ್ತಿದ್ದೀನಿ. ಎರಡೂ ಕಡೆ ಕಡಿದಾದ ದಡ, ನೀರು ಕಾಣೋಕೆ ಮುಂಚೆ ಸದ್ದು ಕೇಳತ್ತೆ, ಬಗ್ಗಿ ನೋಡಿದ್ರೆ ಕೆಳಗೆ ಬಂಡೆಗಳ ಮಧ್ಯೆ ಬೆಳ್ಳಗೆ ನೊರೆ. ಅಲ್ಲಿ ನಿಂತ್ರೆ ದಡದ ಹೆಸರು ನೀರಿಗೆ ಹೇಗೆ ಹೋಯ್ತು ಅಂತ ಡಿಕ್ಷನರಿ ಇಲ್ದೇನೇ ಗೊತ್ತಾಗತ್ತೆ. ನಮ್ಮ ‘ಹಳ್ಳ’ ಪದಾನೂ ಇದೇ ಥರ ತಾನೇ, ತಗ್ಗು ಗುಂಡಿಗೂ ಹಳ್ಳ ಅಂತೀವಿ, ಆ ತಗ್ಗಲ್ಲಿ ಹರಿಯೋ ನೀರಿಗೂ ಹಳ್ಳ ಅಂತೀವಿ.

ಲೇನ್ ಕೂಡ ಹೀಗೇ. ಇಂಗ್ಲಿಷ್ ಬಲ್ಲವರಿಗೆ ಲೇನ್ ಅಂದ್ರೆ ಓಣಿ. ನೈರುತ್ಯದ ಗ್ಯಾಲೊವೇ ಸೀಮೇಲಿ ಕಾರ್ಸ್‌ಫರ್ನ್ ಲೇನ್, ಎಗ್ಲಿನ್ ಲೇನ್, ಕೂರನ್ ಲೇನ್ ಅಂತ ಇರೋವೆಲ್ಲಾ ನಿಧಾನವಾಗಿ ಹರಿಯೋ ತೊರೆಗಳು. ಗೇಲಿಕ್‌ನ ‘ಲೇನ’, ಅಂದ್ರೆ ಒದ್ದೆ ಹುಲ್ಲುಗಾವಲು, ಅದರಿಂದ ಬಂದಿದ್ದು ಅಂತ ವಿವರಣೆ. ಕೂರನ್ ಲೇನ್ ಇರೋದು ಸಿಲ್ವರ್ ಫ್ಲೋ ಅನ್ನೋ ದೊಡ್ಡ ಜವುಗು ನೆಲದಲ್ಲಿ, ಅಲ್ಲಿ ನೀರು ಯಾವ ಕಡೆ ಹೋಗ್ತಾ ಇದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಒಂದು ಹುಲ್ಲುಕಡ್ಡಿ ಹಾಕಿ ಕಾಯಬೇಕು. ಬೆಟ್ಟದಿಂದ ಧುಮುಕೋ ನೀರಿಗೆ ಅಲ್ಲಿಯವರು ಲೇನ್ ಅನ್ನಲ್ಲ, ಬರ್ನ್ ಅಂತಾರೆ.

ಪೌ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಗೇಲಿಕ್‌ನ, ಅದಕ್ಕೂ ಹಿಂದಿನ ಬ್ರಿಟಾನಿಕ್‌ನ ‘ಪೊಲ್’ ಅನ್ನೋ ಪದಕ್ಕೆ ಮಡು, ಕೆಸರುಗುಂಡಿ ಅಂತ ಅರ್ಥ, ಅದೇ ಸ್ಕಾಟ್ಸ್ ಬಾಯಲ್ಲಿ ಪೌ ಆಯ್ತು. ಸಪಾಟು ಬಯಲಲ್ಲಿ ಕೆಸರಾಗಿ ನಿಂತೂ ನಿಲ್ಲದ ಹಾಗೆ ಹರಿಯೋ, ಮನುಷ್ಯರು ಆಗಾಗ ಹೂಳು ತೆಗೆದು ನೇರ ಮಾಡಿದ ತೊರೆ. ಇದರಲ್ಲಿ ನನ್ನ ಮನಸ್ಸಿಗೆ ಹತ್ತಿರದ್ದು ಪರ್ತ್‌ಶೈರಿನ ಪೌ ಆಫ್ ಇಂಚಾಫ್ರೇ. ಇಂಚಾಫ್ರೇ ಅಂದ್ರೆ ಗೇಲಿಕ್‌ನಲ್ಲಿ ‘ಪೂಜೆಯ ದ್ವೀಪ’, ಕ್ರೈಸ್ತರ ಮಾಸ್ ನಡೆಯೋ ದ್ವೀಪ, ಲ್ಯಾಟಿನ್ ದಾಖಲೇಲೂ ಅದೇ ಅರ್ಥದ ಹೆಸರಿದೆ. ಈಗ ಅಲ್ಲಿ ಹೋಗಿ ನಿಂತ್ರೆ ದ್ವೀಪ ಎಲ್ಲೂ ಕಾಣಲ್ಲ, ಸುತ್ತ ಹೊಲ. ಸುಮಾರು 1200ರ ಹೊತ್ತಿಗೆ ಅಲ್ಲಿ ಮಠ ಕಟ್ಟಿದಾಗ ಸುತ್ತ ಇದ್ದಿದ್ದೆಲ್ಲಾ ಜವುಗು, ಮಠ ಇದ್ದಿದ್ದು ಅದರ ನಡುವಿನ ದಿಬ್ಬದ ಮೇಲೆ. ಮಠದವರು ನೀರು ಬಸಿಯೋಕೆ ಶುರು ಮಾಡಿದ್ರು, ಜವುಗು ಹೊಲ ಆಯ್ತು, ನೀರು ಪೌ ಆಯ್ತು. ಆ ಕಾಲುವೆ ಯಾರು ಸರಿಯಾಗಿ ಇಟ್ಕೋಬೇಕು, ಖರ್ಚು ಯಾರು ಕೊಡಬೇಕು ಅನ್ನೋದಕ್ಕೆ ಸ್ಕಾಟ್ಲೆಂಡಿನ ಹಳೇ ಪಾರ್ಲಿಮೆಂಟ್ 1696ರಲ್ಲಿ ಕಾಯ್ದೆ ಮಾಡ್ತು, 1846ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಇನ್ನೊಂದು ಮಾಡ್ತು, 2019ರಲ್ಲಿ ಎಡಿನ್‌ಬರೋದ ಹೊಸ ಪಾರ್ಲಿಮೆಂಟ್ ಮತ್ತೊಂದು ಮಾಡಿದೆ. ಮೂರು ಪಾರ್ಲಿಮೆಂಟ್ ಒಂದು ಕೆಸರು ತೊರೆಗೆ ಕಾಯ್ದೆ ಮಾಡಿವೆ ಅಂದ್ರೆ ಆ ‘ಪೌ’ ಅನ್ನೋ ಒಂದಕ್ಷರದ ಪದ ಎಷ್ಟು ಜನರ ಹೊಲ-ಮನೆ ಹೊತ್ಕೊಂಡಿದೆ ನೋಡಿ. ಬೇರೆ ಕಡೆ ಮ್ಯಾಪಲ್ಲಿ ‘ಪೌ ಬರ್ನ್’ ಅಂತಾನೂ ಸಿಗತ್ತೆ, ಪೌ ಅಂದ್ರೇನೇ ತೊರೆ ಅನ್ನೋದು ಮರೆತುಹೋದ ಮೇಲೆ ಮತ್ತೊಂದು ಸಲ ತೊರೆ ಅಂತ ಸೇರಿಸಿದ್ದು.

ನಾರ್ಸ್ ಜನ, ಅಂದ್ರೆ ವೈಕಿಂಗರು, ಅವರೂ ತಮ್ಮ ಪದ ಬಿಟ್ಟು ಹೋಗಿದಾರೆ. ಡಂಫ್ರೀಸ್ ಸೀಮೇಲಿ ವಾಟರ್‌ಬೆಕ್ ಅಂತ ಊರಿದೆ, ಬೆಕ್ ಅಂದ್ರೆ ನಾರ್ಸ್‌ನಲ್ಲಿ ತೊರೆ, ಗಡಿ ದಾಟಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋದ್ರೆ ಎಲ್ಲಾ ಬೆಕ್‌ಗಳೇ. ದಕ್ಷಿಣದ ಬೆಟ್ಟಗಳಲ್ಲಿ ‘ಗ್ರೇನ್’ ಅಂತ ಕಾಣಿಸಿದ್ರೆ ಕಾಳು-ಧಾನ್ಯ ಅಂದ್ಕೋಬೇಡಿ, ನಾರ್ಸ್‌ನ ‘ಗ್ರೆಯ್ನ್’, ಕೊಂಬೆ ಅಂತ. ಮರ ಕವಲೊಡೆದ ಹಾಗೆ ಹಳ್ಳ ಮೇಲಕ್ಕೆ ಎರಡು ಮೂರು ಕವಲಾದಾಗ ಒಂದೊಂದು ಕವಲೂ ಒಂದು ಗ್ರೇನ್. ಲೂಯಿಸ್ ದ್ವೀಪದ ಲ್ಯಾಕ್ಸ್‌ಡೇಲ್ ಅಂದ್ರೆ ಸಾಲ್ಮನ್ ಮೀನಿನ ಕಣಿವೆ, ನಾರ್ವೆಯವರು ಇವತ್ತಿಗೂ ಸಾಲ್ಮನ್‌ಗೆ ಲಕ್ಸ್ ಅಂತಾರೆ. ಡಂಫ್ರೀಸ್ ಪಕ್ಕ ವಾಟರ್ ಆಫ್ ಏ ಅಂತ ಒಂದು ಹೊಳೆ, ಆ ಒಂದೇ ಸದ್ದಿನ ಹೆಸರನ್ನ ನಾರ್ಸ್‌ನಲ್ಲಿ ನದಿ ಅನ್ನೋ ಅರ್ಥದ ‘ಆ’ ಅಂತ ಸಾಮಾನ್ಯವಾಗಿ ವಿವರಿಸ್ತಾರೆ, ಹಾಗಾದ್ರೆ ಅದು ‘ನದಿ ಅನ್ನೋ ಹೊಳೆ’.

ಇವೆಲ್ಲಕ್ಕಿಂತ ಅಡಿಯಲ್ಲಿರೋ ಪದರ ಬ್ರಿಟಾನಿಕ್ ಜನರದ್ದು, ಮತ್ತೆ ಸ್ಕಾಟ್ಲೆಂಡಿನ ಉತ್ತರ, ಪೂರ್ವದಲ್ಲಿ ಹಿಂದೆ ಇದ್ದ ಪಿಕ್ಟ್ ಜನರದ್ದು. ಪಿಕ್ಟರ ಭಾಷೆ ಸತ್ತು ಸಾವಿರ ವರ್ಷದ ಮೇಲಾಯ್ತು, ಅವರ ಬರಹ ಅಂತ ಉಳಿದಿದ್ದೂ ತೀರಾ ಕಮ್ಮಿ, ಆದ್ರೆ ಅವರ ಪದಗಳು ಹಳ್ಳಗಳಲ್ಲಿ ಇವತ್ತಿಗೂ ಹರೀತಾ ಇವೆ. ‘ಪೆಫರ್’ ಅನ್ನೋದು ನೋಡಿ: ಉತ್ತರದ ರಾಸ್ ಸೀಮೇಲಿ ಸ್ಟ್ರಾತ್‌ಪೆಫರ್, ಪೂರ್ವದ ಆಂಗಸ್‌ನಲ್ಲಿ ಇನ್ವರ್‌ಪೆಫರ್, ಎಡಿನ್‌ಬರೋದ ಆಚೆ ಈಸ್ಟ್ ಲೋಥಿಯನ್‌ನಲ್ಲಿ ಪೆಫರ್ ಬರ್ನ್. ವೆಲ್ಷ್‌ನಲ್ಲಿ ‘ಪೆವ್ರ್’ ಅಂದ್ರೆ ಹೊಳೆಯೋದು, ಥಳಥಳಿಸೋದು. ದೂರ ದೂರದ ಮೂರು ತೊರೆಗೆ ಒಂದೇ ಹೆಸರು, ಅಂದ್ರೆ ಅಷ್ಟು ಉದ್ದಕ್ಕೂ ಒಂದು ಕಾಲದಲ್ಲಿ ಒಂದಕ್ಕೊಂದು ನೆಂಟಸ್ತಿಕೆ ಇರೋ ಮಾತು ಆಡ್ತಿದ್ರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಕಾಲ್ಡರ್ ಅನ್ನೋ ಹೊಳೆಗಳೂ ಹಾಗೇ ಹರಡಿವೆ, ‘ಗಡುಸು ನೀರು’, ರಭಸದ ನೀರು ಅಂತ ಅರ್ಥ. ಮ್ಯಾಕ್‌ಬೆತ್ ನಾಟಕದಲ್ಲಿ ಥೇನ್ ಆಫ್ ಕಾಡರ್ ಅಂತ ಬರತ್ತಲ್ಲ, ಆ ಕಾಡರ್ ಕೂಡ ಕಾಲ್ಡರ್ ಅನ್ನೋದೇ ಬಾಯಲ್ಲಿ ಸವೆದಿದ್ದು. ನೀರು ನೀರು ಸೇರೋ ಬಾಯಿಗೆ ಈ ಹಳೇ ಜನ ‘ಅಬರ್’ ಅಂದ್ರು, ಗೇಲಿಕ್‌ನವರು ‘ಇನ್ವರ್’ ಅಂದ್ರು, ಅಬರ್ಡೀನ್ ಒಂದು ಕಡೆ, ಇನ್ವರ್ನೆಸ್ ಇನ್ನೊಂದು ಕಡೆ. ಇನ್ವರ್‌ಪೆಫರ್‌ನಲ್ಲಿ ತಲೆ ಗೇಲಿಕ್, ದೇಹ ಪಿಕ್ಟ್.

ಬಣ್ಣದ ಹೆಸರುಗಳ ಬಗ್ಗೆ ಒಂದು ಮಾತು. ಗಡಿಸೀಮೇಲಿ ವೈಟ್‌ಆ್ಯಡರ್, ಬ್ಲ್ಯಾಕ್‌ಆ್ಯಡರ್ ಅಂತ ಎರಡು ಹೊಳೆ ಇವೆ, ಎರಡೂ ಆಲಂಟನ್ ಹತ್ರ ಸೇರ್ತವೆ. ಇಂಗ್ಲಿಷಿನಲ್ಲಿ ಆ್ಯಡರ್ ಅಂದ್ರೆ ಹಾವು, ಹಾಗಾಗಿ ಬಿಳಿ ಹಾವು, ಕರಿ ಹಾವು ಅಂತ ಹೇಳೋರು ಬೇಕಾದಷ್ಟು ಜನ. ಹಾವಿಲ್ಲ ಇಲ್ಲಿ. ಆ್ಯಡರ್ ಅನ್ನೋದು ಹೊಳೆಯದೇ ಹಳೇ ಹೆಸರು, ಪಕ್ಕದ ಎಡ್ರಮ್ ಊರಿನ ಹೆಸರಲ್ಲೂ ಅದೇ ಅಡಗಿದೆ, ಆ್ಯಡರ್ ದಡದ ಮನೆ ಅಂತ. ಒಂದೇ ಹೆಸರಿನ ಎರಡು ಹೊಳೆ ಬೇರೆ ಮಾಡೋಕೆ ಕರಿದು, ಬಿಳಿದು ಅಂತ ಸೇರಿಸಿದ್ರು. ಸ್ಕಾಟ್ಲೆಂಡಿನ ಗುಡ್ಡದ ನೀರು ಪೀಟ್ ಮಣ್ಣಲ್ಲಿ (ಗಿಡಗಳು ಕೊಳೆತು ಆದ ಜವುಗು ಮಣ್ಣು) ಹಾದು ಬಂದಾಗ ಕಾಫಿ ಡಿಕಾಕ್ಷನ್ ಬಣ್ಣ ಬಂದಿರತ್ತೆ, ಕೊಳಕಲ್ಲ, ಬೊಗಸೇಲಿ ತಗೊಂಡ್ರೆ ತಿಳಿಯಾಗಿ ಜೇನುಬಣ್ಣಕ್ಕೆ ಕಾಣತ್ತೆ. ಊರವರು ವೈಟ್‌ಆ್ಯಡರ್ ಅನ್ನಲ್ಲ, ‘ವಿಟಾಡರ್’ ಅಂತಾರೆ, ಮ್ಯಾಪ್ ಸ್ಪೆಲ್ಲಿಂಗ್ ಓದಿದ ಹಾಗೆ ಹೇಳಿದ್ರೆ ಹೊರಗಿನವರು ಅಂತ ತಕ್ಷಣ ಗೊತ್ತಾಗತ್ತೆ.

ಇನ್ನೊಂದು ಮೋಸ ಮಾಡೋ ಹೆಸರು ಮಾರ್ಚ್ ಬರ್ನ್. ಹತ್ತಾರು ಕಡೆ ಇದೆ. ಮಾರ್ಚ್ ತಿಂಗಳಲ್ಲ, ಸ್ಕಾಟ್ಸ್‌ನಲ್ಲಿ ಮಾರ್ಚ್ ಅಂದ್ರೆ ಎಲ್ಲೆ, ಗಡಿ. ಇಬ್ಬರ ಜಮೀನಿನ ನಡುವೆ, ಎರಡು ಪ್ಯಾರಿಷ್ (ಒಂದೊಂದು ಚರ್ಚಿಗೆ ಸೇರಿದ ಸೀಮೆ) ನಡುವೆ ಹರಿಯೋ ಹಳ್ಳ. ಗೇಲಿಕ್ ಸೀಮೇಲಿ ಔಲ್ಟ್ ನ ಕ್ರೀಹೆ ಅಂತ ಇರೋದೂ ಇದೇ, ಗಡಿ ಹಳ್ಳ. ಜಮೀನಿನ ಜಗಳಕ್ಕೆ ನೀರೇ ಸಾಕ್ಷಿ ಆಗೋದು ಎಲ್ಲಾ ದೇಶದಲ್ಲೂ ಒಂದೇ. ಗೇಲಿಕ್‌ನಲ್ಲಿ ತೀರಾ ಸಣ್ಣ ತೊರೆಗೆ ‘ಕೂಹನ್’ ಅಂತ ಒಂದು ಪದ ಇದೆ, ಕುರುಡು ಅನ್ನೋ ಪದದಿಂದ ಬಂದಿದ್ದು ಅಂತಾರೆ, ಹೆದರ್ ಪೊದೆ ಅಡಿಯಲ್ಲಿ ಮುಚ್ಚಿಹೋಗಿ ಕಣ್ಣಿಗೆ ಬೀಳದೆ ಹರಿಯೋ ನೀರು. ನನಗೆ ಆ ಭಾಷೇಲಿ ಅತಿ ಇಷ್ಟದ ಪದ ಅದು.

ಈ ಹೆಸರುಗಳಲ್ಲಿ ಬಹುಪಾಲು ಇವತ್ತಿನ ಮ್ಯಾಪಿಗೆ ಬಂದಿದ್ದು ಹತ್ತೊಂಬತ್ತನೇ ಶತಮಾನದ ಆರ್ಡ್‌ನೆನ್ಸ್ ಸರ್ವೆಯವರಿಂದ, ಅಂದ್ರೆ ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಮಾಡೋರಿಂದ. ಅವರು ಊರೂರು ಸುತ್ತಿ ನೇಮ್ ಬುಕ್ ಅಂತ ಪುಸ್ತಕಗಳಲ್ಲಿ ಒಂದೊಂದು ಹಳ್ಳದ ಹೆಸರು, ಎಲ್ಲಿ ಹುಟ್ಟಿ ಎಲ್ಲಿ ಸೇರತ್ತೆ ಅನ್ನೋದು, ಸ್ಪೆಲ್ಲಿಂಗ್‌ಗೆ ಸಾಮಾನ್ಯವಾಗಿ ಮೂರು ಜನರ ಸಾಕ್ಷಿ ಸಮೇತ ಬರೆದಿಟ್ರು. ಸಾಕ್ಷಿಗೆ ಜಮೀನ್ದಾರರು, ಪಾದ್ರಿ, ಸ್ಕೂಲ್ ಮೇಷ್ಟ್ರು ಅಂದ್ರೆ ಅವರಿಗೆ ಜಾಸ್ತಿ ನಂಬಿಕೆ. ದಿನಾ ಆ ಹಳ್ಳ ದಾಟ್ತಿದ್ದ ಕುರುಬನ ಮಾತಿಗೆ ಅಷ್ಟು ಬೆಲೆ ಕೊಡಲಿಲ್ಲ, ಇದು ನನಗೆ ಇವತ್ತಿಗೂ ಬೇಜಾರಿನ ಸಂಗತಿ, ಯಾಕಂದ್ರೆ ಹೆಸರು ಬದುಕಿದ್ದಿದ್ದು ಅವನ ಬಾಯಲ್ಲಿ. ಗೇಲಿಕ್ ಬರದ ಸರ್ವೆಯವರು ಕೇಳಿಸಿಕೊಂಡು ಬರೆದ ಕಡೆ ಎಷ್ಟೋ ಹೆಸರು ಮುರಿದಿವೆ. ಜರ್ಮನಿಯಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಸ್ಥಳನಾಮ ಸರ್ವೆ ನಡೆಸಿದ ನಿಕೊಲೈಸನ್ ಅವರು 1950ರ ದಶಕದ ಕೊನೇಲಿ ಒಂದು ಒಳ್ಳೇ ವಿಷಯ ಗಮನಿಸಿದ್ರು: ಈಶಾನ್ಯ ಸ್ಕಾಟ್ಲೆಂಡಲ್ಲಿ ‘ಇಂಥಾ ಬರ್ನ್’ ಅನ್ನೋ ಬದಲು ‘ಬರ್ನ್ ಆಫ್ ಇಂಥಾದ್ದು’ ಅನ್ನೋ ಹೆಸರು ಜಾಸ್ತಿ. ಗೇಲಿಕ್‌ನಲ್ಲಿ ‘ಔಲ್ಟ್’ ಸಾಮಾನ್ಯವಾಗಿ ಮುಂದೆ ಬರತ್ತೆ, ಜನ ಗೇಲಿಕ್ ಬಿಟ್ಟು ಸ್ಕಾಟ್ಸ್‌ಗೆ ಹೊರಳಿದಾಗ ಪದ ಬದಲಾಯ್ತು, ಜೋಡಣೆ ಹಳೇ ಭಾಷೆಯದೇ ಉಳೀತು ಅಂತ ಅವರು ವಿವರಿಸಿದ್ರು. ನನಗೆ ಇದು ಸರಿ ಅನ್ಸತ್ತೆ.

ದೊಡ್ಡ ಊರುಗಳಲ್ಲಿ ಹಳ್ಳ ಹೋಗಿ ಹೆಸರು ಮಾತ್ರ ಉಳಿದಿದೆ. ಗ್ಲಾಸ್ಗೋ ಹುಟ್ಟಿದ್ದೇ ಮೊಲೆಂಡಿನರ್ ಬರ್ನ್ ಪಕ್ಕ, ಸಂತ ಮಂಗೋ ಅಲ್ಲಿ ಚರ್ಚ್ ಕಟ್ಟಿದ ಅಂತ ನಂಬಿಕೆ, ಹೆಸರು ಲ್ಯಾಟಿನ್‌ನ ಗಿರಣಿ ಪದದಿಂದ ಬಂದಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯಾಥೀಡ್ರಲ್ ಪಕ್ಕದ ಭಾಗವನ್ನ ಮುಚ್ಚಿ ಮೇಲೆ ರಸ್ತೆ ಮಾಡಿದ್ರು. ಅಬರ್ಡೀನ್‌ನ ಡೆನ್ ಬರ್ನ್ ಮೇಲೂ ಈಗ ರಸ್ತೆ, ರೈಲು.

ಎಡಿನ್‌ಬರೋಗೆ ಹೋಗ್ತೀರಲ್ಲ, ಒಂದು ದಿನ ಬ್ರೇಡ್ ಬರ್ನ್ ಜೊತೆ ನಡೀರಿ. ಪೆಂಟ್‌ಲ್ಯಾಂಡ್ ಗುಡ್ಡದಲ್ಲಿ ಹುಟ್ಟಿ ನಗರದ ದಕ್ಷಿಣಕ್ಕೆ ಹರಿಯೋ ಹಳ್ಳ. ಹರ್ಮಿಟೇಜ್ ಆಫ್ ಬ್ರೇಡ್ ಅನ್ನೋ ಕಾಡಿನ ಕಣಿವೇಲಿ ದಾರಿ ಚೆನ್ನಾಗಿದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದ್ರೆ ಮಾರ್ನಿಂಗ್‌ಸೈಡ್, ಅಲ್ಲಿ ಕೇನನ್ ಲೇನ್, ನೈಲ್ ಗ್ರೋವ್, ಜೋರ್ಡಾನ್ ಲೇನ್ ಅಂತೆಲ್ಲಾ ಬೈಬಲ್ ಸೀಮೆಯ ಹೆಸರಿನ ರಸ್ತೆಗಳಿವೆ (ಇಲ್ಲಿ ಲೇನ್ ಓಣಿಯೇ). ಅಲ್ಲಿನ ಜೋರ್ಡಾನ್ ಬರ್ನ್ ಈಗ ಬಹುಪಾಲು ನೆಲದಡಿ ಹರಿಯತ್ತೆ, ಅದರದ್ದೇ ಇನ್ನೊಂದು ಹೆಸರು ಪೌ ಬರ್ನ್. ಆಮೇಲೆ ಬ್ರೇಡ್ ಬರ್ನ್ ಗುಂಟ ಪೂರ್ವಕ್ಕೆ ಹೋದ್ರೆ ಪೆಫರ್‌ಮಿಲ್ ಸಿಗತ್ತೆ, ಮೇಲೆ ಹೇಳಿದ ಅದೇ ‘ಹೊಳೆಯೋ’ ಪೆಫರ್, ಹಳ್ಳದ ಈ ಭಾಗಕ್ಕೆ ಹಿಂದೆ ಇದ್ದ ಹೆಸರು. ಇನ್ನೂ ಮುಂದೆ ಅದೇ ನೀರು ಫಿಗೇಟ್ ಬರ್ನ್ ಅಂತ ಹೆಸರು ಬದಲಾಯಿಸಿ ಪೋರ್ಟೊಬೆಲ್ಲೊ ಬೀಚಲ್ಲಿ ಸಮುದ್ರ ಸೇರತ್ತೆ. ಅಲ್ಲಿ ಮರಳ ಮೇಲೆ ಹರಿಯೋ ನೀರು ತೀರಾ ತೆಳ್ಳಗಿರತ್ತೆ, ಶೂ ಬಿಚ್ಚಿ ದಾಟಬಹುದು, ಆದ್ರೆ ಬೇಸಿಗೇಲೂ ಕಾಲು ಮರಗಟ್ಟೋಷ್ಟು ತಣ್ಣಗಿರತ್ತೆ, ಒಂದು ಟವೆಲ್ ತಗೊಂಡು ಹೋಗಿ.